ಸೂಕ್ಷ್ಮ ಚರ್ಮದ ಮಕ್ಕಳಿಗೆ ಮೊಡವೆ ಔಷಧಿ: ಯಾವುದು, ಎಷ್ಟು, ಯಾವ ಕ್ರಮದಲ್ಲಿ

ಮಂಗಳೂರು, ಉಡುಪಿಯ ಕಡೆ ಮಾರ್ಚ್ ಬಂತೆಂದರೆ ಸೆಕೆ ಶುರು. ಹತ್ತನೇ ಕ್ಲಾಸು, ಪಿಯುಸಿ ಓದುವ ಮಕ್ಕಳ ಹಣೆ, ಕೆನ್ನೆ, ಗದ್ದದ ಮೇಲೆ ಮೊಡವೆ ಜೋರಾಗುವುದೂ ಆಗಲೇ. ಮೆಡಿಕಲ್ ಶಾಪಿಗೆ ಹೋಗಿ "ಮೊಡವೆಗೆ ಏನಾದರೂ ಕೊಡಿ" ಎಂದರೆ ಒಂದು ಟ್ಯೂಬ್ ಕೈಗೆ ಬರುತ್ತದೆ. ಹಚ್ಚಿದ ಮೂರನೇ ದಿನಕ್ಕೆ ಮುಖ ಕೆಂಪಾಗಿ ಉರಿಯುತ್ತದೆ, ಟ್ಯೂಬ್ ಕಪಾಟಿನ ಮೂಲೆ ಸೇರುತ್ತದೆ, ಮುಂದಿನ ತಿಂಗಳು ಇನ್ನೊಂದು ಟ್ಯೂಬ್. ಸೂಕ್ಷ್ಮ ಚರ್ಮದ ಮಕ್ಕಳಿರುವ ಮನೆಯಲ್ಲಿ ಹೀಗೆ ಅರ್ಧಕ್ಕೆ ಬಿಟ್ಟ ನಾಲ್ಕೈದು ಟ್ಯೂಬುಗಳು ಸಿಗುವುದು ಮಾಮೂಲಿ. ಔಷಧಿ ಸರಿಯೇ ಇದ್ದರೂ ಪ್ರಮಾಣ ಜಾಸ್ತಿಯಾಗಿರುತ್ತದೆ, ಎರಡನ್ನು ಒಟ್ಟಿಗೆ ಶುರು ಮಾಡಿರುತ್ತಾರೆ, ಇಲ್ಲವೇ ಅದು ಕೆಲಸ ಶುರು ಮಾಡುವ ಮೊದಲೇ ಬಿಟ್ಟಿರುತ್ತಾರೆ.

ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಒಂದು ಸ್ವಭಾವವಿದೆ. ಎಲ್ಲಿ ಉರಿಯೂತವಾಯಿತೋ ಅಲ್ಲಿ ಕಂದು ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಮೊಡವೆಯೂ ಕಲೆ ಬಿಡುತ್ತದೆ, ಔಷಧಿ ಸುಟ್ಟ ಜಾಗವೂ ಕಲೆ ಬಿಡುತ್ತದೆ. ಆದ್ದರಿಂದ ಸೂಕ್ಷ್ಮ ಚರ್ಮಕ್ಕೆ ಔಷಧಿ ತೂಗಿ ನೋಡುವಾಗ "ಇದು ಎಷ್ಟು ಬೇಗ ಮೊಡವೆ ಒಣಗಿಸುತ್ತದೆ" ಎನ್ನುವುದಕ್ಕಿಂತ "ಈ ಮುಖ ಇದನ್ನು ಮೂರು ತಿಂಗಳು ತಾಳಿಕೊಳ್ಳುತ್ತದೆಯೇ" ಎಂಬ ಪ್ರಶ್ನೆಯೇ ಮುಖ್ಯ.

ಮೊದಲು ಹಗಲು ಬೆಳಕಿನಲ್ಲಿ ಮುಖ ನೋಡಿ

ಬೆಳಿಗ್ಗೆ ಕಿಟಕಿಯ ಹತ್ತಿರ ಮಗುವನ್ನು ಕೂರಿಸಿ ನೋಡಿ. ಚರ್ಮದ ರಂಧ್ರದಲ್ಲಿ ಎಣ್ಣೆ ಮತ್ತು ಸತ್ತ ಜೀವಕೋಶ ಸೇರಿ ಬಿರಟೆಯಂತೆ ಕಟ್ಟಿಕೊಳ್ಳುವುದೇ ಮೊಡವೆಯ ಮೊದಲ ಹಂತ. ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯದಲ್ಲ, ಚರ್ಮದ್ದೇ ವರ್ಣದ್ರವ್ಯ ಗಾಳಿ ತಾಗಿ ಕಪ್ಪಾಗಿರುವುದು, ಹಾಗಾಗಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಸೇರಿದಾಗ ಕೆಂಪು ಗುಳ್ಳೆ, ಕೀವಿನ ಗುಳ್ಳೆ. ಇನ್ನೂ ಆಳಕ್ಕಿಳಿದರೆ ಮುಟ್ಟಿದರೆ ನೋಯುವ ಗಟ್ಟಿ ಗಂಟು.

ಬಿಳಿ ಗುಳ್ಳೆ, ಕಪ್ಪು ಚುಕ್ಕೆಯೇ ಹೆಚ್ಚಿದ್ದರೆ ರಂಧ್ರ ಬಿಡಿಸುವ ಔಷಧಿ ಬೇಕು. ಕೆಂಪು, ಕೀವು ಹೆಚ್ಚಿದ್ದರೆ ಬ್ಯಾಕ್ಟೀರಿಯಾ ತಗ್ಗಿಸುವುದೂ ಬೇಕು. ಆಳದ ಗಂಟುಗಳಿದ್ದರೆ, ಅಥವಾ ಈಗಾಗಲೇ ಚರ್ಮ ಗುಳಿ ಬಿದ್ದಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬಾರದು, ನೇರ ಚರ್ಮರೋಗ ತಜ್ಞರ ಬಳಿಗೆ ಹೋಗಬೇಕು. ಗುಳಿ ಬಿದ್ದ ಮೇಲೆ ಯಾವ ಕ್ರೀಮೂ ಅದನ್ನು ಮೊದಲಿನಂತೆ ಮಾಡುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದನ್ನು ಗಮನಿಸಲೇಬೇಕು. ಹಣೆ, ಎದೆ, ಬೆನ್ನಿನ ಮೇಲೆ ಎಲ್ಲವೂ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು, ಕಪ್ಪು ಚುಕ್ಕೆ ಒಂದೂ ಇಲ್ಲ, ಬೆವರಿದಾಗ ತುರಿಕೆ. ಹೀಗಿದ್ದರೆ ಅದು ಮೊಡವೆಯೇ ಆಗಿರಬೇಕೆಂದಿಲ್ಲ. ಚರ್ಮದ ಮೇಲೆ ಸಹಜವಾಗಿರುವ ಮಲಸೀಜಿಯಾ ಎಂಬ ಯೀಸ್ಟ್, ಸೆಕೆ ಮತ್ತು ಬೆವರಿನಲ್ಲಿ ಹೆಚ್ಚಿ, ಕೂದಲ ಬುಡದಲ್ಲಿ ಇಂಥ ಗುಳ್ಳೆ ಎಬ್ಬಿಸುತ್ತದೆ. ಇದಕ್ಕೆ ಮೊಡವೆಯ ಆಂಟಿಬಯೋಟಿಕ್ ಕೊಟ್ಟರೆ ಜಾಸ್ತಿಯಾಗುತ್ತದೆ. ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಯೀಸ್ಟಿಗೆ ಇನ್ನಷ್ಟು ಅನುಕೂಲ. ಇದಕ್ಕೆ ಬೇಕಾಗುವುದು ಶಿಲೀಂಧ್ರದ ಔಷಧಿ. ವೈದ್ಯರು ನೋಡಿಯೇ ತೀರ್ಮಾನಿಸಲಿ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ

ಬೇರೆ ಯಾವುದಕ್ಕೂ ಮೊದಲು, ಈಗ ಮನೆಯಲ್ಲಿ ಮುಖಕ್ಕೆ ಹಚ್ಚುತ್ತಿರುವ ಎಲ್ಲವನ್ನೂ ಮೇಜಿನ ಮೇಲಿಡಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲೂಸಿನೊಲೋನ್ ಎಂಬ ಹೆಸರಲ್ಲಿ ಯಾವುದಾದರೂ ಒಂದು ಟ್ಯೂಬಿನ ಮೇಲೆ ಇದೆಯೇ ನೋಡಿ. ಇವೆಲ್ಲ ಸ್ಟಿರಾಯ್ಡ್. "ಬೆಳ್ಳಗಾಗುತ್ತದೆ", "ಕಲೆ ಹೋಗುತ್ತದೆ" ಎಂದು ಕೈಯಿಂದ ಕೈಗೆ ಬರುವ ಹಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್, ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಸಿಪ್ಪೆ ಎಬ್ಬಿಸುವ ಟ್ರೆಟಿನೊಯಿನ್ ಮೂರೂ ಸೇರಿರುತ್ತವೆ. ಹಚ್ಚಿದ ಮೊದಲ ವಾರ ಕೆಂಪು ಇಳಿದು ಮುಖ ಹೊಳೆಯುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಬಿಸಿಲಿಗೆ ಹೋದರೆ ಉರಿದು, ಮೊದಲಿಗಿಂತ ಜಾಸ್ತಿ ಮೊಡವೆ ಏಳುತ್ತದೆ. ಹುಡುಗಿಯರಿಗೆ ಮುಖದ ರೋಮವೂ ಹೆಚ್ಚಬಹುದು. "ನಮ್ಮ ಮಗಳದ್ದು ಸೂಕ್ಷ್ಮ ಚರ್ಮ, ಏನೂ ಹಿಡಿಸುವುದಿಲ್ಲ" ಎನ್ನುವಲ್ಲಿ ಎಷ್ಟೋ ಸಲ ಹುಟ್ಟು ಸ್ವಭಾವಕ್ಕಿಂತ ಈ ಕ್ರೀಮಿನ ಪಾತ್ರವೇ ದೊಡ್ಡದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಚ್ಚುವ ಸ್ಟಿರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ತಿಂಗಳುಗಟ್ಟಲೆ ಹಚ್ಚಿದ್ದರೆ ಥಟ್ಟನೆ ನಿಲ್ಲಿಸಿದಾಗ ಮುಖ ಊದಿ ಕೆಂಪಾಗುವುದುಂಟು. ಹೆದರಿ ಮತ್ತೆ ಹಚ್ಚುವುದೇ ಇದರ ಬಲೆ. ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮರೋಗ ವಿಭಾಗಕ್ಕೆ ಹೋಗಿ, ಬಿಡಿಸುವ ದಾರಿಯನ್ನು ಅವರೇ ಹಾಕಿಕೊಡಲಿ. ಈ ಲೇಖನದ ಮುಂದಿನ ಯಾವ ಹೆಜ್ಜೆಯೂ ಅಂಥ ಮುಖಕ್ಕೆ ಈಗಲೇ ಅನ್ವಯಿಸುವುದಿಲ್ಲ.

ಎರಡು ವಾರ ಬರೀ ತಳಪಾಯ

ಸ್ಟಿರಾಯ್ಡ್ ಇಲ್ಲವೆಂದು ಖಚಿತವಾದ ಮೇಲೆ ಹದಿನಾಲ್ಕು ದಿನ ಯಾವ ಔಷಧಿಯೂ ಬೇಡ. ಸ್ಕ್ರಬ್, ಟೋನರ್, ಫೇಸ್ ಪ್ಯಾಕ್, ಪಾರ್ಲರ್ ಫೇಶಿಯಲ್, ಬ್ಲೀಚ್ ಎಲ್ಲ ಬಂದ್. ಉಳಿಯುವುದು ಮೂರೇ: ಮುಖ ತೊಳೆಯುವುದು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್.

ತೊಳೆಯುವುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಮತ್ತು ರಾತ್ರಿ. ಆಟ ಆಡಿ ಬೆವರಿ ಬಂದರೆ ಬರೀ ನೀರು ಸಾಕು. ಮೈಸೋಪಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10, ಚರ್ಮದ್ದು ಸುಮಾರು 5. ಸೋಪು ಹಾಕಿದ ಪ್ರತಿ ಸಲ ಚರ್ಮದ ಮೇಲಿನ ರಕ್ಷಣೆಯ ಪದರ ಸಡಿಲವಾಗುತ್ತದೆ, ಆಮೇಲೆ ಹಚ್ಚುವ ಔಷಧಿ ಒಳಗೆ ನುಗ್ಗಿ ಉರಿಸುತ್ತದೆ. ಪಿಎಚ್ 5.5ರ ಆಸುಪಾಸಿನ, ಸುವಾಸನೆ ಹಾಕದ, ನೊರೆ ಕಡಿಮೆ ಬರುವ ಕ್ಲೆನ್ಸರ್ ಇರಲಿ. ಬೆರಳ ತುದಿಯಲ್ಲಿ ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ, ಕೂದಲಂಚು ಮತ್ತು ದವಡೆಯ ಕೆಳಗಿನ ನೊರೆ ಪೂರ್ತಿ ಹೋಗುವಂತೆ ತೊಳೆಯಿರಿ. ಸಮುದ್ರದ ಹತ್ತಿರದ ಕೆಲವು ಬಾವಿ, ಬೋರ್‌ವೆಲ್‌ಗಳ ನೀರು ಉಪ್ಪಾಗಿರುತ್ತದೆ. ಅಂಥ ಕಡೆ ಕೊನೆಯ ಒಂದು ಚೆಂಬು ಮಾತ್ರ ಕುಡಿಯುವ ನೀರಿನಲ್ಲಿ ತೊಳೆದರೂ ಬಿಗಿತ ಕಡಿಮೆಯಾಗುತ್ತದೆ. ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸಿ. ಮಳೆಗಾಲದಲ್ಲಿ ಒಣಗದೆ ಮುಗ್ಗಲು ವಾಸನೆ ಬರುವ ಬೈರಾಸು ಮುಖಕ್ಕೆ ಬೇಡವೇ ಬೇಡ. ಸಣ್ಣ ಹತ್ತಿ ಬಟ್ಟೆಗಳನ್ನು ನಾಲ್ಕೈದು ಇಟ್ಟುಕೊಂಡು ದಿನಾ ಬದಲಿಸಿ.

"ಮೊದಲೇ ಎಣ್ಣೆ ಎಣ್ಣೆ ಮುಖ, ಇನ್ನು ಮಾಯಿಶ್ಚರೈಸರ್ ಯಾಕೆ?" ಎಂದು ಮಕ್ಕಳೇ ಕೇಳುತ್ತಾರೆ. ಎಣ್ಣೆ ಬೇರೆ, ಚರ್ಮದೊಳಗಿನ ನೀರು ಬೇರೆ. ಮುಂದೆ ಬರುವ ಔಷಧಿಗಳೆಲ್ಲ ಆ ನೀರನ್ನು ಕಡಿಮೆ ಮಾಡುತ್ತವೆ. ಗ್ಲಿಸರಿನ್, ಸೆರಮೈಡ್ ಇರುವ, ರಂಧ್ರ ಮುಚ್ಚದ ಬಗೆಯ ತೆಳು ಲೋಶನ್ ಅಥವಾ ಜೆಲ್ ಕ್ರೀಮ್ ನಮ್ಮ ಹವೆಗೆ ಸರಿ. ಮುಖ ಇನ್ನೂ ಸ್ವಲ್ಪ ತೇವವಿರುವಾಗ ಹಚ್ಚಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲೆ, ಪಿಎ ಮೂರು ಪ್ಲಸ್ (ಟ್ಯೂಬಿನ ಮೇಲೆ PA+++ ಎಂದಿರುತ್ತದೆ). ತೋರು ಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಮುಖ, ಕುತ್ತಿಗೆಗೆ ಬೇಕು. ಉರಿಯುವವರಿಗೆ ಜಿಂಕ್ ಆಕ್ಸೈಡ್ ಇರುವುದು ಮೆತ್ತಗೆ, ಬಿಳಿ ಛಾಯೆ ಬರುತ್ತದೆ ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿದ್ದರೂ ಹಗಲು ಹೊರಗೆ ಹೋಗುವ ಮಕ್ಕಳಿಗೆ ಬಿಡಬೇಡಿ. ಮೋಡದ ಮಧ್ಯೆಯೂ ಬರುವ ಕಿರಣಕ್ಕೆ ಹಳೆ ಕಲೆ ಇನ್ನಷ್ಟು ಕಪ್ಪಾಗುತ್ತದೆ.

ಇನ್ನು ತೆಂಗಿನೆಣ್ಣೆ. ನಮ್ಮಲ್ಲಿ ಇದರ ಬಗ್ಗೆ ಮಾತಾಡದೆ ಮೊಡವೆಯ ಮಾತು ಮುಗಿಯುವುದಿಲ್ಲ. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದು ಶಾಲೆಗೆ ಹೋಗುವ ಹುಡುಗಿಯರಿಗೆ ಹಣೆ ಮತ್ತು ಕಣತಲೆಯ ಕೂದಲಂಚಿನಲ್ಲೇ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ. ಬೆವರಿನ ಜೊತೆ ಎಣ್ಣೆ ಇಳಿದು ರಂಧ್ರ ಮುಚ್ಚುತ್ತದೆ. ಎಣ್ಣೆ ಹಾಕುವುದನ್ನೇ ಬಿಡಬೇಕಾಗಿಲ್ಲ. ವಾರಕ್ಕೆ ಒಂದೆರಡು ಸಲ, ತಲೆಸ್ನಾನಕ್ಕೆ ಒಂದು ಗಂಟೆ ಮೊದಲು, ಕೂದಲಂಚಿನಿಂದ ಎರಡು ಬೆರಳು ಹಿಂದೆ ನಿಲ್ಲಿಸಿ ಹಾಕಿ. ತಲೆ ತೊಳೆದ ಮೇಲೆ ಮುಖ ತೊಳೆಯಿರಿ. ರಾತ್ರಿ ಎಣ್ಣೆ ತಲೆಯಲ್ಲಿ ಮಲಗಿದರೆ ಅಷ್ಟೂ ದಿಂಬಿನ ಕವರಿಗೆ, ಅಲ್ಲಿಂದ ಕೆನ್ನೆಗೆ.

ಯಕ್ಷಗಾನ ಕಲಿಯುವ ಮಕ್ಕಳಿದ್ದರೆ ಬಣ್ಣ ತೆಗೆಯಲು ತೆಂಗಿನೆಣ್ಣೆಯೇ ಒಳ್ಳೆಯ ದಾರಿ, ಒಣ ಬಟ್ಟೆಯಲ್ಲಿ ತಿಕ್ಕುವುದಕ್ಕಿಂತ ಎಷ್ಟೋ ಮೇಲು. ಆದರೆ ವೇಷ ಕಟ್ಟುವ ಚೌಕಿಯಲ್ಲಿ ಎಣ್ಣೆ ಒರೆಸಿಕೊಂಡು ಹಾಗೇ ಮನೆಗೆ ಬಂದು ಮಲಗಬಾರದು, ಕ್ಲೆನ್ಸರಿನಿಂದ ಒಂದಲ್ಲ ಎರಡು ಸಲ ತೊಳೆಯಬೇಕು. ಅಷ್ಟಮಿ, ದಸರೆಯ ಹುಲಿವೇಷ ಇನ್ನೂ ಕಠಿಣ. ಮೈಗೆ ಬಳಿದ ಪೇಂಟ್ ತೆಗೆಯಲು ಸೀಮೆಎಣ್ಣೆ, ಥಿನ್ನರ್ ಮುಖದ ಹತ್ತಿರವೂ ಬರಬಾರದು. ವೇಷ ಹಾಕುವ ಹುಡುಗನಿದ್ದರೆ ಅದಕ್ಕೆ ಐದು ದಿನ ಮೊದಲೇ ಮೊಡವೆ ಔಷಧಿ ನಿಲ್ಲಿಸಿ, ಚರ್ಮ ಶಾಂತವಾದ ಮೇಲೆ ಮತ್ತೆ ಶುರು ಮಾಡಿ.

ಈ ಹದಿನಾಲ್ಕು ದಿನದಲ್ಲೇ ಉರಿ, ಬಿಗಿತ, ಸಿಪ್ಪೆ ಏಳುವುದು ಅರ್ಧಕ್ಕರ್ಧ ಇಳಿಯಿತೆಂದರೆ ಚರ್ಮ ಸೂಕ್ಷ್ಮವಾದದ್ದು ಹೆಚ್ಚಾಗಿ ಆರೈಕೆಯಿಂದಲೇ. ಏನೂ ಬದಲಾಗದೆ ಕೆನ್ನೆ ಕೆಂಪಾಗಿಯೇ ಇದ್ದರೆ, ಅಥವಾ ಮೊಣಕೈ ಮಡಿಕೆ, ಕಣ್ಣರೆಪ್ಪೆಯಲ್ಲಿ ತುರಿಕೆಯ ಇಸುಬು ಇದ್ದರೆ, ಔಷಧಿ ಆಯ್ಕೆಯನ್ನು ವೈದ್ಯರಿಗೇ ಬಿಡುವುದು ಒಳ್ಳೆಯದು.

ನಾಲ್ಕು ಔಷಧಿ, ಒಂದೊಂದರ ತೂಕ

ಅಜೆಲಾಯಿಕ್ ಆಸಿಡ್. ಶೇ. 10, 15, 20ರಲ್ಲಿ ಸಿಗುತ್ತದೆ. ಸೂಕ್ಷ್ಮ ಚರ್ಮ ಮತ್ತು ಕಂದು ಕಲೆ ಎರಡೂ ಇರುವ ಮಕ್ಕಳಿಗೆ ನಾವು ಮೊದಲು ನೋಡುವುದು ಇದನ್ನೇ. ಬ್ಯಾಕ್ಟೀರಿಯಾ ತಗ್ಗಿಸುತ್ತದೆ, ರಂಧ್ರ ಕಟ್ಟುವುದನ್ನು ಸ್ವಲ್ಪ ತಡೆಯುತ್ತದೆ, ಕಲೆಯ ಬಣ್ಣವನ್ನೂ ತಿಳಿಯಾಗಿಸುತ್ತದೆ. ಹಚ್ಚಿದ ಐದು ಹತ್ತು ನಿಮಿಷ ಇರುವೆ ಹರಿದಂತೆ ಚುರುಗುಟ್ಟುವುದು ಸಹಜ, ಮೂರ್ನಾಲ್ಕು ವಾರದಲ್ಲಿ ಅದು ನಿಲ್ಲುತ್ತದೆ. ಕೆಲಸ ನಿಧಾನ. ಬಿಳಿ ಗುಳ್ಳೆಗಳೇ ತುಂಬಿದ ಮುಖಕ್ಕೆ ಇದೊಂದೇ ಸಾಲದಿರಬಹುದು. ಶೇ. 10ರಿಂದ ಶುರು ಮಾಡಿ.

ಬೆಂಜಾಯಿಲ್ ಪೆರಾಕ್ಸೈಡ್. ಕೀವಿನ ಗುಳ್ಳೆಗೆ ಇದರಷ್ಟು ನಂಬಿಕೆಯ ಹಚ್ಚುವ ಔಷಧಿ ಕಡಿಮೆ. ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾ ಕೊಲ್ಲುವುದರಿಂದ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಶೇ. 2.5, 5, 10ರಲ್ಲಿ ಬರುತ್ತದೆ. ಗುಣ ಹೆಚ್ಚು ಕಡಿಮೆ ಒಂದೇ, ಉರಿ ಮಾತ್ರ ಶೇಕಡಾವಾರು ಏರಿದಂತೆ ಏರುತ್ತದೆ. ಆದ್ದರಿಂದ 2.5 ಸಾಕು. ಇನ್ನೂ ಸುರಕ್ಷಿತ ಉಪಾಯವೆಂದರೆ ಹಚ್ಚಿ ಎರಡರಿಂದ ಐದು ನಿಮಿಷ ಬಿಟ್ಟು ತೊಳೆಯುವುದು. ತಾಗಿದ ಬಟ್ಟೆಯ ಬಣ್ಣ ಹೋಗುತ್ತದೆ. ಶಾಲೆಯ ಯೂನಿಫಾರ್ಮಿನ ಕಾಲರ್, ಬಣ್ಣದ ದಿಂಬಿನ ಕವರ್, ಬೈರಾಸು, ಹುಬ್ಬು ಕೂಡ. ಬಿಳಿ ಕವರ್ ಹಾಕಿ. ಬಿಸಿಯಲ್ಲಿ ಈ ಔಷಧಿ ಒಡೆದು ಹಾಳಾಗುತ್ತದೆ, ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ, ಕಾರಿನಲ್ಲಿ ಟ್ಯೂಬ್ ಬಿಡಬೇಡಿ. ಕೆಲವರಿಗೆ ಇದು ಅಲರ್ಜಿ: ಕಣ್ಣರೆಪ್ಪೆ ಊದಿ, ವಿಪರೀತ ತುರಿಕೆಯಾಗಿ, ನೀರಾಡುವ ಗುಳ್ಳೆ ಬಂದರೆ ತೊಳೆದು ನಿಲ್ಲಿಸಿ, ಮುಂದೆಂದೂ ಬಳಸಬೇಡಿ. ಉಸಿರು ಕಟ್ಟಿದಂತಾದರೆ, ತುಟಿ ನಾಲಿಗೆ ಊದಿದರೆ ತಡಮಾಡದೆ ಆಸ್ಪತ್ರೆಗೆ.

ಅಡಾಪಲೀನ್ ಶೇ. 0.1. ವಿಟಮಿನ್ ಎ ಬಳಗದ್ದು. ರಂಧ್ರ ಕಟ್ಟದಂತೆ ನೋಡಿಕೊಳ್ಳುವುದರಲ್ಲಿ, ಅಂದರೆ ಮೊಡವೆಯ ಬೇರಿಗೇ ಕೈಹಾಕುವುದರಲ್ಲಿ, ಹಚ್ಚುವ ಔಷಧಿಗಳಲ್ಲಿ ಇದು ಮುಂದು. ಅದೇ ಬಳಗದ ಟ್ರೆಟಿನೊಯಿನ್‌ಗಿಂತ ಮೆತ್ತಗೆ. ಆದರೂ ಸೂಕ್ಷ್ಮ ಚರ್ಮಕ್ಕೆ ಮೊದಲ ತಿಂಗಳು ಪರೀಕ್ಷೆಯ ಕಾಲ: ಒಣಗುತ್ತದೆ, ಸಿಪ್ಪೆ ಏಳುತ್ತದೆ, ಎರಡರಿಂದ ನಾಲ್ಕನೇ ವಾರದೊಳಗೆ ಒಳಗಿದ್ದ ಗುಳ್ಳೆಗಳು ಒಟ್ಟಿಗೆ ಮೇಲೆ ಬರಬಹುದು. ರಾತ್ರಿ ಮಾತ್ರ ಹಚ್ಚಬೇಕು. ಗರ್ಭಿಣಿಯರಿಗೆ ಸಲ್ಲದು. ಅಕ್ಕ, ಅತ್ತಿಗೆ ಅದೇ ಟ್ಯೂಬ್ ಬಳಸುವ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಿ.

ಸ್ಯಾಲಿಸಿಲಿಕ್ ಆಸಿಡ್ ಶೇ. 0.5ರಿಂದ 2. ಕಪ್ಪು ಚುಕ್ಕೆಗೆ ಅಲ್ಪ ಸಹಾಯ. ಫೇಸ್‌ವಾಶ್ ರೂಪದಲ್ಲಿ ಅರ್ಧ ನಿಮಿಷದಲ್ಲಿ ತೊಳೆದುಹೋಗುವುದರಿಂದ ಹೆಚ್ಚು ನಿರೀಕ್ಷೆ ಬೇಡ. ಅಡಾಪಲೀನ್ ಜೊತೆ ಸೂಕ್ಷ್ಮ ಮುಖಕ್ಕೆ ಇದು ಬೇಡ.

ಐದನೆಯದಾಗಿ ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಶೇ. 1 ಜೆಲ್ಲನ್ನು ಎಣಿಸದೆ ಬಿಟ್ಟದ್ದು ಬೇಕೆಂದೇ. ಉರಿಯುವುದಿಲ್ಲ, ಬೇಗ ಕೆಂಪು ಇಳಿಸುತ್ತದೆ, ಹಾಗಾಗಿ ಜನಪ್ರಿಯ. ಒಂಟಿಯಾಗಿ ಹಚ್ಚಿದರೆ ಕೆಲವೇ ತಿಂಗಳಲ್ಲಿ ಬ್ಯಾಕ್ಟೀರಿಯಾ ಒಗ್ಗಿಕೊಂಡು ಔಷಧಿ ನಾಟದಂತಾಗುತ್ತದೆ. ವೈದ್ಯರು ಕೊಟ್ಟರೆ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೇ ಇರಬೇಕು, ಅವರು ಹೇಳಿದ ಅವಧಿಗೆ ನಿಲ್ಲಬೇಕು.

ಶುರು ಮಾಡುವ ಕ್ರಮ

ಒಂದು ಸಲಕ್ಕೆ ಒಂದೇ ಹೊಸ ಔಷಧಿ. ಎರಡನ್ನು ಒಟ್ಟಿಗೆ ತಂದರೆ ಉರಿದಾಗ ಯಾವುದು ಕಾರಣ ಎಂದೇ ಗೊತ್ತಾಗುವುದಿಲ್ಲ, ಒಳ್ಳೆಯದನ್ನೂ ಬಿಟ್ಟುಬಿಡುತ್ತೀರಿ.

ಮೂರು ರಾತ್ರಿ ದವಡೆಯ ಮೂಲೆಯಲ್ಲಿ, ಕಿವಿಯ ಕೆಳಗೆ, ಒಂದು ರೂಪಾಯಿ ನಾಣ್ಯದಗಲಕ್ಕೆ ತೆಳ್ಳಗೆ ಹಚ್ಚಿ ನೋಡಿ. ಮರುದಿನಕ್ಕೂ ಉಳಿಯುವ ಕೆಂಪು, ಊತ ಇಲ್ಲವಾದರೆ ಮುಖಕ್ಕೆ ಹೋಗಿ.

ಅಡಾಪಲೀನ್ ಹಚ್ಚುವ ರಾತ್ರಿ ಹೀಗೆ ಮಾಡಿ. ಮುಖ ತೊಳೆದು ಒರೆಸಿ, ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಿ. ನಮ್ಮ ತೇವದ ಹವೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹತ್ತು ನಿಮಿಷಕ್ಕೆ ಚರ್ಮ ಒಣಗಿರುವುದಿಲ್ಲ, ಒದ್ದೆ ಚರ್ಮಕ್ಕೆ ಔಷಧಿ ಜಾಸ್ತಿ ಇಳಿದು ಸುಡುತ್ತದೆ. ಫ್ಯಾನಿನ ಕೆಳಗೆ ಕೂತು ಓದುತ್ತಿರಲಿ. ಮೂಗಿನ ಬದಿ, ಬಾಯಿಯ ಮೂಲೆ, ಕಣ್ಣಿನ ಕೆಳಗೆ ಚೂರು ವ್ಯಾಸಲಿನ್ ಸವರಿ, ಅಲ್ಲಿ ಮೊದಲು ಬಿರಿಯುವುದು. ಮುಖಕ್ಕೆ ತೆಳ್ಳಗೆ ಮಾಯಿಶ್ಚರೈಸರ್. ಅದು ಹೀರಿಕೊಂಡ ಮೇಲೆ ಬಟಾಣಿ ಕಾಳಿನಷ್ಟು ಜೆಲ್ಲನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಐದು ಚುಕ್ಕೆಯಾಗಿ ಇಟ್ಟು, ಇಡೀ ಮುಖಕ್ಕೆ ಹರಡಿ. ಗುಳ್ಳೆಯ ತಲೆಗೆ ಮಾತ್ರ ಮುಟ್ಟಿಸಿದರೆ ಪ್ರಯೋಜನವಿಲ್ಲ. ನಾಳೆಯ ಗುಳ್ಳೆ ಇವತ್ತು ಕಣ್ಣಿಗೆ ಕಾಣದ ಜಾಗದಲ್ಲಿದೆ. ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್.

ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ಅತಿ ಸೂಕ್ಷ್ಮ ಮುಖವಾದರೆ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮುಂದಿನ ಎರಡು ವಾರ ದಿನ ಬಿಟ್ಟು ದಿನ. ಐದನೇ ವಾರದಿಂದ, ಮುಖ ಒಪ್ಪಿದರೆ, ದಿನಾ ರಾತ್ರಿ. ದಿನ ಬಿಟ್ಟು ದಿನಕ್ಕಿಂತ ಮುಂದೆ ಹೋಗಲಾಗದಿದ್ದರೆ ಅಲ್ಲೇ ನಿಲ್ಲಿ, ಅದೂ ಕೆಲಸ ಮಾಡುತ್ತದೆ. ಕೀವಿನ ಗುಳ್ಳೆ ಇನ್ನೂ ಏಳುತ್ತಿದ್ದರೆ ಆರನೇ ವಾರದಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ 2.5 ಅನ್ನು ಬೆಳಿಗ್ಗೆ ಎರಡು ನಿಮಿಷ ಹಚ್ಚಿ ತೊಳೆಯುವ ಕ್ರಮದಲ್ಲಿ ಸೇರಿಸಿ.

ಅಜೆಲಾಯಿಕ್‌ನಿಂದ ಶುರು ಮಾಡುವವರು ಎರಡು ವಾರ ರಾತ್ರಿ ಮಾತ್ರ, ಆಮೇಲೆ ಬೆಳಿಗ್ಗೆ ಮತ್ತು ರಾತ್ರಿ. ಇದಕ್ಕೂ ಅದೇ ಬಟಾಣಿ ಕಾಳಿನ ಅಳತೆ, ಅದೇ ಮಾಯಿಶ್ಚರೈಸರ್.

ಪ್ರಮಾಣ ಸರಿಯಿದೆಯೇ ಎಂದು ಟ್ಯೂಬೇ ಹೇಳುತ್ತದೆ. ದಿನಕ್ಕೊಂದು ಸಲ ಬಟಾಣಿ ಕಾಳಿನಷ್ಟು ಹಚ್ಚಿದರೆ 15 ಗ್ರಾಂ ಟ್ಯೂಬ್ ಒಂದು ತಿಂಗಳಿಗಿಂತ ಹೆಚ್ಚು ಬರಬೇಕು. ಎರಡು ವಾರಕ್ಕೆ ಖಾಲಿಯಾಯಿತೆಂದರೆ ದಿನಕ್ಕೆ 1 ಗ್ರಾಮಿಗಿಂತ ಜಾಸ್ತಿ, ಅಂದರೆ ಎರಡು ಮೂರು ಪಟ್ಟು ಮುಖಕ್ಕೆ ಹೋಗಿದೆ. "ಬೇಗ ಗುಣವಾಗಲಿ" ಎಂದು ಮಕ್ಕಳು ಹೀಗೆ ಮಾಡುವುದು ಹೆಚ್ಚು, ಬೈಯದೆ ಟ್ಯೂಬ್ ತೋರಿಸಿ ಲೆಕ್ಕ ಹೇಳಿ.

ಎಲ್ಲಿ ಎಡವುತ್ತದೆ

ಸ್ವಲ್ಪ ಒಣಗುವುದು, ಸಿಪ್ಪೆ, ಐದು ನಿಮಿಷದ ಚುರುಚುರು: ಮುಂದುವರಿಸಬಹುದು. ಮರುದಿನ ಬೆಳಿಗ್ಗೆ ಬರೀ ನೀರು ತಾಗಿದರೂ ಉರಿದರೆ ಅಥವಾ ಕೆಂಪು ಉಳಿದಿದ್ದರೆ ಮೂರರಿಂದ ಐದು ದಿನ ಔಷಧಿ ನಿಲ್ಲಿಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚಿ, ಮತ್ತೆ ಶುರು ಮಾಡುವಾಗ ಒಂದು ಮೆಟ್ಟಿಲು ಕೆಳಗಿನಿಂದ. ಎರಡು ಸಲ ಹೀಗಾದರೆ ಔಷಧಿ ಬದಲಿಸಿ.

ಮೂರನೇ ವಾರ ಮೊಡವೆ ಜಾಸ್ತಿಯಾದಾಗ ಬಿಡಬೇಕೇ ಬೇಡವೇ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಮೊದಲೂ ಏಳುತ್ತಿದ್ದ ಜಾಗದಲ್ಲೇ ಎದ್ದು ಬೇಗ ಒಣಗುತ್ತಿದ್ದರೆ ಅದು ಔಷಧಿ ಒಳಗಿನದ್ದನ್ನು ಹೊರಹಾಕುತ್ತಿರುವುದು, ತಾಳಿಕೊಳ್ಳಿ. ಎಂದೂ ಮೊಡವೆ ಬಾರದ ಜಾಗದಲ್ಲಿ ತುರಿಸುವ ಸಣ್ಣ ಕೆಂಪು ಗುಳ್ಳೆ ಬಂದರೆ ಅದು ಉರಿ ಅಥವಾ ಅಲರ್ಜಿ, ನಿಲ್ಲಿಸಿ.

ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಮಾಡುವ ಒಂದು ವಾರ ಮೊದಲು ಅಡಾಪಲೀನ್ ಬಿಡಿ, ಇಲ್ಲವಾದರೆ ಚರ್ಮವೇ ಕಿತ್ತು ಬರುತ್ತದೆ. ಮೇಲ್ದುಟಿಯ ಥ್ರೆಡಿಂಗಿಗೂ ಮೂರ್ನಾಲ್ಕು ದಿನ ಬಿಡುವು ಕೊಡಿ. ಮೀಸೆ ಚಿಗುರಿದ ಹುಡುಗರು ಶೇವ್ ಮಾಡುವ ಹಿಂದಿನ ರಾತ್ರಿ ಹಚ್ಚದಿರಲಿ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಕಡಲಿಗೆ ಇಳಿಯುವ ಹಿಂದಿನ ದಿನವೂ ಹಾಗೆಯೇ, ಉಪ್ಪುನೀರು ಸಿಪ್ಪೆ ಎದ್ದ ಮುಖಕ್ಕೆ ಬಿದ್ದರೆ ಚೀರುವಷ್ಟು ಉರಿ.

ದವಡೆಯ ಸಾಲಿನಲ್ಲಿ ಮಾತ್ರ ಏಳುತ್ತಿದ್ದರೆ ಹೆಲ್ಮೆಟಿನ ಪಟ್ಟಿ ನೋಡಿ. ಮಳೆಯಲ್ಲಿ ನೆನೆದು ಒಣಗದ ಸ್ಪಂಜು ದಿನವಿಡೀ ಉಜ್ಜುತ್ತದೆ. ಒಳಗಿನ ಬಟ್ಟೆ ತೆಗೆದು ತೊಳೆದು ಒಣಗಿಸಿ.

ಪರೀಕ್ಷೆಯ ತಿಂಗಳು, ಅಣ್ಣನ ಮದುವೆಯ ಹಿಂದಿನ ವಾರ ಹೊಸ ಔಷಧಿ ಶುರು ಮಾಡಬೇಡಿ. ಮದುವೆಗೆ ಮುಖ ತಿಳಿಯಾಗಿರಬೇಕಾದರೆ ಮೂರರಿಂದ ನಾಲ್ಕು ತಿಂಗಳು ಮೊದಲೇ ಹೊರಡಬೇಕು.

ಅಜ್ಜಿಯ ಮದ್ದು, ನಂಜು, ಉಷ್ಣ

ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯದಂತೆ ಬೊಬ್ಬೆ ಎದ್ದು ಕಪ್ಪು ಪಟ್ಟೆ ಉಳಿಯುತ್ತದೆ. ಟೂತ್‌ಪೇಸ್ಟ್ ಸುಡುತ್ತದೆ. ಇವೆರಡನ್ನು ಪೂರ್ತಿ ಬಿಡಬೇಕು. ಸಾಣೆಕಲ್ಲಿನಲ್ಲಿ ತೇಯ್ದ ರಕ್ತಚಂದನ, ಅರಿಶಿನ, ಲೋಳೆಸರ ಇವು ಅಷ್ಟು ಕ್ರೂರವಲ್ಲ, ಆದರೆ ಕಟ್ಟಿದ ರಂಧ್ರವನ್ನು ಬಿಡಿಸುವುದಿಲ್ಲ. ಕೆಲವರಿಗೆ ಅರಿಶಿನವೂ ಅಲರ್ಜಿ. ಔಷಧಿ ಹಚ್ಚುವ ದಿನಗಳಲ್ಲಿ ಯಾವ ಲೇಪವೂ ಬೇಡ, ಒಣಗಿದ ಲೇಪವನ್ನು ಕೆರೆದು ತೆಗೆಯುವಾಗಲೇ ಮುಖ ಗೀರುತ್ತದೆ.

ನಮ್ಮಲ್ಲಿ ಕೀವಾದರೆ ಸಾಕು, ಬಂಗುಡೆ ನಂಜು, ಬದನೆ ನಂಜು ಎಂದು ತಟ್ಟೆಯಿಂದ ತೆಗೆದುಬಿಡುತ್ತಾರೆ. ಮೀನಿಗೂ ಮೊಡವೆಗೂ ಅಂಥ ನಂಟಿಲ್ಲ, ಬೆಳೆಯುವ ಮಕ್ಕಳಿಗೆ ಬಂಗುಡೆ, ಬೂತಾಯಿ ಒಳ್ಳೆಯ ಆಹಾರ. ಎಣ್ಣೆ ಪದಾರ್ಥ ತಿಂದರೆ ಆ ಎಣ್ಣೆ ಮುಖಕ್ಕೆ ಬರುವುದಿಲ್ಲ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ, ಅಂದರೆ ತಂಪು ಪಾನೀಯ, ಬೇಕರಿ ತಿನಿಸು, ಮೈದಾ, ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ. ಹಾಲಿನ ನಂಟು ಅಷ್ಟು ಗಟ್ಟಿಯಲ್ಲ, ಎಲ್ಲರಿಗೂ ಹಾಲು ಬಿಡಿಸುವ ಅಗತ್ಯವಿಲ್ಲ. ಜಿಮ್ಮಿಗೆ ಹೋಗುವ ಹುಡುಗ ವೇ ಪ್ರೊಟೀನ್ ಪುಡಿ ಶುರು ಮಾಡಿದ ಮೇಲೆ ಬೆನ್ನಿನಲ್ಲಿ ಮೊಡವೆ ಎದ್ದಿದ್ದರೆ ಆ ಡಬ್ಬಿ ಬದಿಗಿಟ್ಟು ಎರಡು ತಿಂಗಳು ನೋಡಿ. ಕುಚ್ಚಲಕ್ಕಿ ಅನ್ನ ಬೆಳ್ತಿಗೆಗಿಂತ ನಿಧಾನ ಜೀರ್ಣವಾಗುವಂಥದ್ದು, ಮನೆಯ ಊಟಕ್ಕೆ ಅದೇ ಇರಲಿ.

ಗುಳಿಗೆಯ ಮಾತು ಬಂದಾಗ

ಔಷಧಿ ಸರಿಯಾಗಿ ಹಚ್ಚಿ ಹನ್ನೆರಡು ವಾರವಾದರೂ ಬದಲಾವಣೆ ಇಲ್ಲ, ಗಂಟು, ಗುಳಿ ಇದೆ, ಹುಡುಗಿಗೆ ಮುಟ್ಟು ತಪ್ಪಿ ತಪ್ಪಿ ಬರುತ್ತಾ ಗದ್ದದಲ್ಲಿ ರೋಮ ಬರುತ್ತಿದೆ, ಮಗು ಕನ್ನಡಿ ನೋಡಲು, ಕಾಲೇಜಿಗೆ ಹೋಗಲು ಒಲ್ಲೆನೆನ್ನುತ್ತಿದೆ: ಇವುಗಳಲ್ಲಿ ಒಂದಿದ್ದರೂ ಚರ್ಮರೋಗ ತಜ್ಞರನ್ನು ಕಾಣಿ. ಜ್ವರ, ಕೀಲುನೋವಿನ ಜೊತೆ ಮೊಡವೆ ಒಡೆದು ಹುಣ್ಣಾಗುತ್ತಿದ್ದರೆ ಅದೇ ದಿನ. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಕಂಕನಾಡಿ, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಹಚ್ಚಿದ ಎಲ್ಲ ಟ್ಯೂಬು, ಸೋಪು, ಎಣ್ಣೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ.

ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಗುಳಿಗೆ ಕೊಟ್ಟರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಹಚ್ಚುವ ಔಷಧಿಯ ಜೊತೆಗೇ. ಊಟದ ಮೇಲೆ ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಗುಳಿಗೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣದ ಗುಳಿಗೆಯ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಇಲಿಜ್ವರದ ಭಯದಿಂದ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಈ ಗುಳಿಗೆ ಉಳಿದಿರುತ್ತದೆ. ಅದನ್ನು ಮೊಡವೆಗೆಂದು ಕೊಡಬೇಡಿ.

ಐಸೊಟ್ರೆಟಿನೊಯಿನ್ ಗುಳಿಗೆಯ ಬಗ್ಗೆ ಹೆದರಿಕೆಯೂ ಇದೆ, ಸಸಾರವೂ ಇದೆ, ಎರಡೂ ಸರಿಯಲ್ಲ. ಗುಳಿ ಬೀಳಿಸುವ ಕಠಿಣ ಮೊಡವೆಯನ್ನು ಬುಡಸಮೇತ ತಗ್ಗಿಸುವ ಔಷಧಿ ಇದೊಂದೇ. ಎಣ್ಣೆಗ್ರಂಥಿಯನ್ನೇ ಕುಗ್ಗಿಸುತ್ತದೆ. ತುಟಿ ಒಣಗುವುದು ಹೆಚ್ಚು ಕಡಿಮೆ ಎಲ್ಲರಿಗೂ ಇದ್ದದ್ದೇ, ಕಣ್ಣೂ ಒಣಗಬಹುದು. ಯಕೃತ್ತು, ಕೊಬ್ಬಿನಂಶದ ರಕ್ತಪರೀಕ್ಷೆ ಬೇಕು. ಮಗುವಿನ ಮನಸ್ಸು ಕುಗ್ಗಿದಂತೆ, ಮಂಕಾದಂತೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಗರ್ಭದಲ್ಲಿರುವ ಶಿಶುವಿಗೆ ಇದು ಘೋರ ಹಾನಿ ಮಾಡುತ್ತದೆ. ಹೆಣ್ಣುಮಕ್ಕಳಿಗೆ ವೈದ್ಯರು ಈ ವಿಷಯವನ್ನು ನೇರವಾಗಿ ಕೇಳುತ್ತಾರೆ, ಮನೆಯವರು ಮುಜುಗರಪಟ್ಟು ತಡೆಯಬಾರದು. ಕೋರ್ಸ್ ನಡೆಯುವಾಗ ಮತ್ತು ಮುಗಿದ ಒಂದು ತಿಂಗಳವರೆಗೆ ರಕ್ತದಾನವೂ ಬೇಡ. ಡಾಕ್ಸಿಸೈಕ್ಲಿನ್ ಜೊತೆ ಸೇರಿಸಿ ನುಂಗಿದರೆ ತಲೆಯೊಳಗಿನ ಒತ್ತಡ ಏರುವ ಅಪಾಯವಿದೆ, ಹಾಗಾಗಿ ಜ್ವರಕ್ಕೆ ಬೇರೆ ಡಾಕ್ಟರ ಬಳಿ ಹೋದಾಗ ಐಸೊಟ್ರೆಟಿನೊಯಿನ್ ನಡೆಯುತ್ತಿದೆ ಎಂದು ಮೊದಲೇ ಹೇಳಿ.

ಹನ್ನೆರಡು ವಾರದ ಲೆಕ್ಕ

ಒಂದು ರಂಧ್ರ ಒಳಗೊಳಗೇ ಕಟ್ಟಿ ಗುಳ್ಳೆಯಾಗಿ ಹೊರಬರಲು ಸುಮಾರು ಎಂಟು ವಾರ ಬೇಕು. ಇವತ್ತು ಶುರು ಮಾಡಿದ ಔಷಧಿ ಮುಂದಿನ ತಿಂಗಳ ಗುಳ್ಳೆಯನ್ನು ಪೂರ್ತಿ ತಡೆಯಲಾರದು. ಆದ್ದರಿಂದ ದಿನಾ ಕನ್ನಡಿಯಲ್ಲಿ ಅಳೆಯಬೇಡಿ. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಎದುರಿನಿಂದ ಮತ್ತು ಎರಡು ಬದಿಯಿಂದ ಮೂರು ಫೋಟೊ ತೆಗೆಯಿರಿ. ಹೊಸ ಗುಳ್ಳೆಗಳ ಎಣಿಕೆಯನ್ನೂ, ಹಳೆ ಕಲೆಗಳನ್ನೂ ಬೇರೆ ಬೇರೆ ನೋಡಿ. ಕಲೆ ಹಾಗೇ ಇದ್ದು ಹೊಸ ಗುಳ್ಳೆ ಕಡಿಮೆಯಾಗಿದ್ದರೆ ಔಷಧಿ ಕೆಲಸ ಮಾಡುತ್ತಿದೆ, ಕಲೆಗೆ ಇನ್ನೂ ಕೆಲವು ತಿಂಗಳು ಬೇಕು.

ಮುಖ ತಿಳಿಯಾದ ಮೇಲೆ ಮೊದಲು ಬಿಡುವುದು ಬೆಂಜಾಯಿಲ್ ಪೆರಾಕ್ಸೈಡ್. ಅಡಾಪಲೀನ್ ಅಥವಾ ಅಜೆಲಾಯಿಕ್ ಆಮೇಲೂ ನಡೆಯಲಿ, ದಿನ ಬಿಟ್ಟು ದಿನವಾದರೂ ಸಾಕು. ಮುಂದಿನ ಸೆಕೆಗಾಲವನ್ನು ಅದರ ಜೊತೆಗೇ ದಾಟಿಸಿ, ಮಳೆ ಹಿಡಿದ ಮೇಲೆ ವಾರಕ್ಕೆ ಎರಡಕ್ಕೆ ಇಳಿಸಿ ನೋಡಿ. ಕೂದಲಂಚಿನಲ್ಲಿ ಮತ್ತೆ ಬಿಳಿ ಗುಳ್ಳೆ ಕಂಡರೆ ಮೊದಲು ಎಣ್ಣೆ, ದಿಂಬಿನ ಕವರ್ ನೋಡಿ, ಆಮೇಲೆ ಹಿಂದಿನ ಮೆಟ್ಟಿಲಿಗೆ ಹೋಗಿ.